ಮೂರನೇ ನೀರು

ಅಜ್ಜಂಪುರ,
ಗುರುವಾರ, ೬-೨-೨೦೨೫

ಪ್ರೀತಿಯ ಅಕ್ಕಾ,

ಹೇಗಿದೀಯ? ಕಾಲಿನ ಬೊಬ್ಬೆ ಒಣಗಿತಾ? ಬೂಟು ಒಂದು ಸೈಜ್ ಚಿಕ್ಕದು ಅಂತ ಬರೆದಿದ್ದೆ, ಬದಲಾಯಿಸಿ ಕೊಟ್ರಾ ಇಲ್ವಾ? ರಾತ್ರಿ ಅಂಗಾಲಿಗೆ ಹರಳೆಣ್ಣೆ ಹಚ್ಕೊಂಡು ಮಲಗಬೇಕಂತೆ, ಅಮ್ಮ ಎರಡು ಸಲ ಹೇಳಿ ಬರೆಸ್ತಿದಾಳೆ. ಇಲ್ಲಿ ನಾವೆಲ್ಲ ಚೆನ್ನಾಗಿದೀವಿ. ಈ ಸಾಲು ಓದಿದಾಗ ನಿನ್ನ ಹುಬ್ಬು ಮೇಲೆ ಹೋಗುತ್ತೆ ಅಂತ ಗೊತ್ತು. ಆದ್ರೆ ಇವತ್ತಿನ ತಾರೀಕಿಗೆ ಇದು ನಿಜ ಕಣೇ. ನಿನ್ನ ಕೂಸು ಬೃಂದಾಗೆ ಕೆಳಗಡೆ ಎರಡು ಹಲ್ಲು ಬಂದಿದೆ. ಮುಂದಕ್ಕೆ ಅಂಬೆಗಾಲಿಡಬೇಕು ಅಂತ ಹೊರಟು ರಿವರ್ಸ್ ಗೇರಲ್ಲಿ ಮಂಚದ ಕೆಳಗೆ ಸೇರ್ಕೊಂಡು, ಅಲ್ಲಿಂದ ನಮ್ಮನ್ನೇ ಬೈತಾಳೆ.

ನಿನ್ನ ಕಾಗದ ನಿನ್ನೆ ಬಂತು. ಅಮ್ಮನಿಗೋಸ್ಕರ ಜೋರಾಗಿ ಓದ್ತಾ ಹೋದೆ. "ಹದಿನೇಳನೇ ತಾರೀಕು ಸಾಹೇಬ್ರು ಬರ್ತಾರೆ, ರಾಜೀನಾಮೆ ಫಾರ್ಮಿಗೆ ಸಹಿ ಹಾಕಿ ಬಂದ್ಬಿಡ್ತೀನಿ, ಹೆತ್ತ ಕೂಸನ್ನೇ ಕಾಯಕ್ಕಾಗದವಳು ಕಾಡೇನು ಕಾಯ್ತೀನಿ" ಅನ್ನೋ ಜಾಗಕ್ಕೆ ಬಂದಾಗ ಕಾಗದ ಮಡಿಸಿಟ್ಟೆ. ಫೋನ್ ಸಿಗೋ ಹಾಗಿದ್ರೆ ಆಗಲೇ ಮಾಡ್ತಿದ್ದೆ. ನಿಮ್ಮ ಫಾರೆಸ್ಟ್ ಗಾರ್ಡ್ ಟ್ರೈನಿಂಗ್ ಕ್ಯಾಂಪಿಗೆ ಟವರ್ ಇಲ್ಲ, ಆಫೀಸಿನ ಫೋನಲ್ಲಿ ಸಾಯೋ ಬದುಕೋ ವಿಷಯ ಬಿಟ್ರೆ ಕರೆಯಲ್ಲ. ಅದಕ್ಕೇ ಕಾಗದ. ಪ್ಲೀಸ್ ಅಕ್ಕಾ, ಇದನ್ನ ಕೊನೇ ಸಾಲಿನವರೆಗೂ ಓದದೆ ಯಾವುದಕ್ಕೂ ಸಹಿ ಹಾಕಬೇಡ. ನಾನು ಹೆದರುಪುಕ್ಕಲ ಅಂತ ನಿಂಗೆ ಗೊತ್ತಲ್ಲ, ಫಸ್ಟ್ ಇಂಟರ್ನಲ್ಸ್‌ನಲ್ಲಿ ಹಾಲ್ ಟಿಕೆಟ್ ಇದೆಯಾ ಅಂತ ಇಪ್ಪತ್ತು ಸಲ ಜೇಬು ಮುಟ್ಟಿ ನೋಡ್ಕೊಂಡವನು. ಅಂಥ ನಾನೇ ಧೈರ್ಯವಾಗಿ ಹೇಳ್ತಿದೀನಿ, ನೀನು ಬರೋದು ಬೇಡ.

ಮೊದಲು ನಿನ್ನಿಂದ ಮುಚ್ಚಿಟ್ಟಿದ್ದು ಹೇಳ್ತೀನಿ. ನಿನ್ನ ಅತ್ತೆ ಆಫೀಸಿಗೆ ಫೋನ್ ಮಾಡಿಸಿ ನಿಂಗೆ ಅರ್ಧ ಹೇಳಿದಾರೆ. ಸಂಕ್ರಾಂತಿ ಮಾರನೇ ದಿನ ಅಮ್ಮ ಬಚ್ಚಲ ಕಲ್ಲಿನ ಹತ್ರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡಳು. ತರೀಕೆರೆಗೆ ಕರ್ಕೊಂಡು ಹೋಗಿ ಪ್ಲಾಸ್ಟರ್ ಕಟ್ಟು ಹಾಕಿಸಿದೀವಿ, ಆರು ವಾರ. ನಿಂಗೆ ಬರೀಬೇಡ ಅಂತ ಅಮ್ಮನದೇ ಆರ್ಡರ್. ಹಬ್ಬಕ್ಕೆ ಬಂದವನು ನಾನು ಕಡೂರಿನ ಹಾಸ್ಟೆಲ್ಲಿಗೆ ವಾಪಸ್ ಹೋಗಲಿಲ್ಲ, ಅವತ್ತಿಂದ ಇಲ್ಲಿಂದಲೇ ಬೆಳಗ್ಗಿನ ಪ್ಯಾಸೆಂಜರ್ ಹಿಡಿದು ಕಾಲೇಜಿಗೆ ಹೋಗಿ ಬತ್ತೀನಿ. ಅಟೆಂಡೆನ್ಸ್ ಎಪ್ಪತ್ತೊಂಬತ್ತು ಪರ್ಸೆಂಟ್ ಇದೆ, ದಿನಾ ಲೆಕ್ಕ ಹಾಕ್ತೀನಿ, ಯೋಚನೆ ಮಾಡಬೇಡ.

ಅಮ್ಮ ಒಂದೇ ಕೈಯಲ್ಲಿ ಬೃಂದಾನ ಎತ್ಕೋತಾಳೆ, ರಾಗಿ ಸರಿ ತಿನ್ನಿಸ್ತಾಳೆ. ಬಟ್ಟೆ ಹಿಂಡೋದು ಮಾತ್ರ ಒಂದೇ ಕೈಯಲ್ಲಿ ಆಗೋ ಕೆಲಸ ಅಲ್ಲ. ಭಾವ ಒಂದು ದೊಡ್ಡ ಪ್ಯಾಕ್ ಅಂಗಡಿ ಡೈಪರ್ ತಂದುಕೊಟ್ರು. ಎರಡು ದಿನ ಹಾಕಿದ್ವಿ, ತೊಡೆ ಸಂದಿ ಬೆವರಿ ಕೆಂಪಾಯ್ತು. ನೀನು ಹೋಗೋ ಮುಂಚೆ ಅಪ್ಪನ ಹಳೇ ಪಂಚೆಗಳನ್ನ ಹರಿದು, ಅಂಚು ಹೊಲಿದು, ಇಪ್ಪತ್ತನಾಲ್ಕು ಚೌಕ ಲಂಗೋಟಿ ಮಡಿಸಿಟ್ಟಿದ್ದೆಯಲ್ಲ, "ಇವಳಿಗೆ ಬಟ್ಟೆನೇ ಕಟ್ಟಿ" ಅಂತ. ಅಪ್ಪ ಅವನ್ನ ನೋಡಿ, "ತೆಂಗಿನಕಾಯಿ ಸುಲಿ ಅನ್ರೀ ಸಾವಿರ ಸುಲಿದೇನು, ಇದು ನನ್ನ ಕೈಲಾಗಲ್ಲ" ಅಂದ್ರು. ನಾನು ಎದ್ದು ನಿಂತು, "ನಾನು ಒಗೀತೀನಿ, ಏಳು ವರ್ಷ ಹಾಸ್ಟೆಲ್ಲಲ್ಲಿ ಒಗೆದಿದೀನಿ" ಅಂದೆ. ಆವಾಗ ನನಗೆ ಎಷ್ಟು ಜಂಬ ಬಂದಿತ್ತು ಅಂದ್ರೆ, ಮನೇಲಿ ಯಾರಿಗೂ ಬರದ ವಿದ್ಯೆ ನನಗೊಬ್ಬನಿಗೇ ಬರುತ್ತೆ ಅನ್ನೋ ಹಾಗೆ.

ಒಗೆದೆ. ಸಿಸ್ಟಮ್ಯಾಟಿಕ್ ಆಗಿ ಒಗೆದೆ. ಮಾರ್ಕಿಂಗ್ ಇಂಕ್ ತಗೊಂಡು ಎಲ್ಲ ಲಂಗೋಟಿಯ ಮೂಲೇಲೂ ನನ್ನ ಹಾಸ್ಟೆಲ್ ನಂಬರ್ ೪೭ ಅಂತ ಬರೆದು, ಪಕ್ಕದಲ್ಲಿ ಒಂದರಿಂದ ಇಪ್ಪತ್ತನಾಲ್ಕು ಸೀರಿಯಲ್ ನಂಬರ್ ಹಾಕಿದೆ. ನಗಬೇಡ. ಹಾಸ್ಟೆಲ್ಲಲ್ಲಿ ನಂಬರ್ ಇಲ್ಲದ ಬಟ್ಟೆ ಎರಡು ದಿನಕ್ಕೆ ಇನ್ನೊಬ್ಬನ ಮೈಮೇಲಿರ್ತಿತ್ತು, ಕೈ ತನ್ನಷ್ಟಕ್ಕೆ ಬರೀತು. ದಿನಾ ಬಕೆಟ್ಟಿಗೆ ಮೂರು ಹಿಡಿ ಪೌಡರ್, ಉಜ್ಜು, ಹಿಂಡು, ಒಣಹಾಕು. ಹಾಸ್ಟೆಲ್ಲಲ್ಲಿ ತಲೆಗೊಂದು ಬಕೆಟ್ ನೀರು. ಅದರಲ್ಲೇ ಸ್ನಾನ, ಅದರಲ್ಲೇ ಬಟ್ಟೆ. ನೊರೆ ಜಾಸ್ತಿ ಬಂದ್ರೆ ಕ್ಲೀನ್ ಆಯ್ತು ಅಂತ ಅರ್ಥ, ಹಿಂಡಿ ತಂತಿ ಮೇಲೆ ಎಸೀತಿದ್ವಿ. ಸೋಪು ಹೋಗೋವರೆಗೂ ಬರೀ ನೀರಲ್ಲಿ ಜಾಲಿಸೋದು ಅನ್ನೋ ಒಂದು ಕೆಲಸ ಇದೆ ಅಂತಲೇ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಕ್ಕಾ. ಬೆಳ್ಳಗೆ ಒಣಗಿದ ಇಪ್ಪತ್ತನಾಲ್ಕು ಚೌಕ ನೋಡಿ ಫೋಟೋ ಬೇರೆ ತೆಗೆದಿದ್ದೆ, ನಿಂಗೆ ತೋರಿಸೋಣ ಅಂತ.

ಹತ್ತು ದಿನಕ್ಕೆ ಬೃಂದಾಳ ತೊಡೆ, ಕುಂಡಿ ಎಲ್ಲ ಕೆಂಪು ಗುಳ್ಳೆ ಎದ್ದವು. ಡೈಪರ್ ಕೆಂಪಿಗಿಂತ ಜೋರು. ಮೂತ್ರ ಮಾಡಿದ ತಕ್ಷಣ ಕಿಟಾರನೆ ಕಿರುಚ್ತಿದ್ದಳು. ಅಮ್ಮ ಹಲ್ಲು ಬರೋ ಉಷ್ಣ ಅಂದಳು. ಅಪ್ಪ ಹಸುವಿನ ಮೇವು ಬದಲಾಯಿಸಿದ್ದಕ್ಕೆ ಹಾಲು ಒಗ್ಗಿಲ್ಲ ಅಂದ್ರು. ನಾನು ಇನ್ಫೆಕ್ಷನ್ ಇರಬೇಕು ಅಂತ ಪೌಡರ್ ನಾಲ್ಕು ಹಿಡಿ ಮಾಡಿದೆ.

ಅಷ್ಟರಲ್ಲಿ ಹಿರೇನಲ್ಲೂರಿಂದ ನಿನ್ನ ಅತ್ತೆ, ನಮ್ಮ ತಿಪ್ಪಮ್ಮತ್ತೆ ಬಂದ್ರು. ಹೋದ ಗುರುವಾರ. ಭಾವನ ಬೈಕಿಂದ ಇಳಿದವರು ಚಪ್ಪಲಿ ಬಿಡೋ ಮುಂಚೆ ಕೂಸಿನ ಲಂಗೋಟಿ ಬಿಚ್ಚಿ ನೋಡಿದ್ರು. ಅಲ್ಲಿಂದಲೇ ಭಾವನ ಫೋನ್ ಕಿತ್ಕೊಂಡು ನಿಮ್ಮ ಆಫೀಸಿಗೆ ಮಾಡಿಸಿದ್ದು. ಆಮೇಲೆ ಅಮ್ಮನ ಕಡೆ ತಿರುಗಿ, "ಬೀಗಿತ್ತಿ, ನಿಮ್ಮ ಕೈ ಮುರಿದದೆ, ನಿಮ್ಮನ್ನ ಅನ್ನಕ್ಕಿಲ್ಲ. ಕೂಸಿನ ಬಟ್ಟೆಬರೆ ಕಟ್ಟಿ, ನಾನು ಕರ್ಕೊಂಡು ಹೋಯ್ತೀನಿ" ಅಂದ್ರು. ಅಮ್ಮ ಒಂದೇ ಕೈಯಲ್ಲಿ ಬ್ಯಾಗು ತೆಗೆದು ಮಂಚದ ಮೇಲಿಟ್ಟಳು. ನನಗೆ ಅದನ್ನ ನೋಡಕ್ಕಾಗದೆ ತಂತಿ ಮೇಲಿದ್ದ ಲಂಗೋಟಿಗಳನ್ನ ಬಾಚ್ಕೊಂಡು ಬಂದು ಅತ್ತೆ ಮುಂದೆ ಸುರಿದೆ.

ಅವರು ಒಂದನ್ನ ಮಡಿಸಕ್ಕೆ ತಗೊಂಡ್ರು. ಮಡಿಸಲಿಲ್ಲ. ಬೆರಳಲ್ಲಿ ತಿಕ್ಕಿ ನೋಡಿದ್ರು. "ಇದೇನ್ಲಾ ಇದು, ಬಟ್ಟೆನೋ ಹಪ್ಪಳಾನೋ?" ಅಂದ್ರು. ಮೂಲೆ ನೋಡಿ, "ಏನಪ್ಪಾ ಹೇಮಂತ, ಕೂಸಿಗೆ ಖೈದಿ ನಂಬರ್ ಬೇರೆ ಹಾಕಿದೀಯ?" ಅಂದ್ರು. ಭಾವ ಆ ಕಡೆ ತಿರುಗಿ ನಕ್ಕಿದ್ದು ನನಗೆ ಕಾಣಿಸ್ತು. ಆಮೇಲೆ ಅತ್ತೆ ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಒಣಗಿದ ಲಂಗೋಟಿಯ ತುದೀನ ನಾಲಿಗೆಗೆ ಮುಟ್ಟಿಸಿ, ಥೂ ಅಂತ ಉಗಿದು, ಒಂದು ಬೇಸಿನ್ನಲ್ಲಿ ಬರೀ ನೀರು ತರಿಸಿದ್ರು. ಲಂಗೋಟಿ ಅದ್ದಿ ಎರಡು ಸಲ ಹಿಸುಕಿದ್ರು. ಅಕ್ಕಾ, ಒಗೆದು, ಹಿಂಡಿ, ಬಿಸಿಲಲ್ಲಿ ಒಣಗಿದ ಬಟ್ಟೆ ಅದು. ಹಾಲುಕ್ಕಿದ ಹಾಗೆ ನೊರೆ ಬಂತು. ಬೇಸಿನ್ ತುಂಬ ನೊರೆ. ಅಪ್ಪ ಬಗ್ಗಿ ನೋಡಿದ್ರು, ಅಮ್ಮ ಬಾಯಿ ಮೇಲೆ ಸೆರಗಿಟ್ಕೊಂಡಳು. ಹತ್ತು ದಿನ ಆ ಸೋಪನ್ನ ನಾನು ದಿನಕ್ಕೆ ಹದಿನೈದು ಸಲ ಅವಳ ಮೈಗೆ ಕಟ್ತಾ ಇದ್ದೆ. ಹಲ್ಲಲ್ಲ, ಹಸುವಲ್ಲ. ನಾನು.

ಓಡಿಹೋಗಿ ಹಾಸ್ಟೆಲ್ ಸೇರ್ಕೊಂಡ್ಬಿಡೋಣ ಅನ್ನಿಸ್ತು. ನಿಜ ಹೇಳ್ತೀನಿ, ಬ್ಯಾಗ್ ಎಲ್ಲಿದೆ ಅಂತ ಕಣ್ಣು ಹುಡುಕ್ತಿತ್ತು. ಆದ್ರೆ ಬಾಯಿಂದ ಬೇರೆ ಬಂತು. "ಅತ್ತೆ, ನನಗೆ ಕಲಿಸಿಕೊಡಿ" ಅಂದೆ. "ಗಂಡುಹುಡುಗ ನೀನು, ಎರಡು ದಿನ ಮಾಡ್ತೀಯ" ಅಂದ್ರು. "ಎರಡು ದಿನ ನೋಡಿ, ಆಮೇಲೆ ಕರ್ಕೊಂಡು ಹೋಗಿ" ಅಂದೆ. ಅದನ್ನ ಎಲ್ಲಿಂದ ತಂದು ಹೇಳಿದೆನೋ ನನಗೇ ಗೊತ್ತಿಲ್ಲ.

ಅವರು ಸೆರಗು ಸಿಕ್ಕಿಸ್ಕೊಂಡು ಬಚ್ಚಲ ಕಲ್ಲಿನ ಹತ್ರ ಕುಕ್ಕರುಗಾಲಲ್ಲಿ ಕೂತ್ರು. ಪೌಡರ್ ಡಬ್ಬ ಅಟ್ಟಕ್ಕೆ ಹೋಯ್ತು. ಅಂಟುವಾಳದ ಕಾಯಿ ನೆನೆಹಾಕಿ ಆ ನೀರಲ್ಲೇ ಉಜ್ಜಬೇಕು. ಆಮೇಲೆ ಮೂರು ನೀರು. ಮೊದಲನೇದು ಬಿಸಿ, ಎರಡನೇದು ತಣ್ಣೀರು, ಎರಡೂ ಚೆಲ್ಲಬೇಕು. ಮೂರನೇ ನೀರಲ್ಲಿ ಹಿಸುಕಿದಾಗ ಬೇಸಿನ್ನಿನ ತಳದ ಹೂವಿನ ಚಿತ್ರ ಸ್ಪಷ್ಟ ಕಾಣಬೇಕು, ಒಂದು ಗುಳ್ಳೇನೂ ಏಳಬಾರದು. ಕಾಣಲಿಲ್ಲ ಅಂದ್ರೆ ಇನ್ನೊಂದು ನೀರು. "ನಿಮ್ಮ ಬೋರಿಂದು ಗಡಸು ನೀರು ಕಣೋ, ಸೋಪು ಬಿಡಾಕಿಲ್ಲ, ಕೂತ್ಕಳ್ತದೆ" ಅಂದ್ರು. ಇದನ್ನೇ ಹೋದ ತಿಂಗಳು ಕೆಮಿಸ್ಟ್ರಿ ಲ್ಯಾಬಲ್ಲಿ ಹಾರ್ಡ್‌ನೆಸ್ ಆಫ್ ವಾಟರ್ ಅಂತ ಟೈಟ್ರೇಷನ್ ಮಾಡಿ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ತಗೊಂಡಿದ್ದೆ. ಬಚ್ಚಲಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದೇ ಇರಲಿಲ್ಲ.

ಅವತ್ತು ಇಪ್ಪತ್ತನಾಲ್ಕನ್ನೂ ಒಗೆದೆ. ಬೆರಳ ತುದಿ ಒಣದ್ರಾಕ್ಷಿ ಆದವು. ಹೊತ್ತು ಮುಳುಗೋ ಮುಂಚೆ ಒಳಗೆ ತರಬೇಕು, ಕೂಸಿನ ಬಟ್ಟೆ ಮೇಲೆ ರಾತ್ರಿ ಹಕ್ಕಿ ಹಾರಬಾರದಂತೆ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೂ ತಂದೆ. ಮಾರನೇ ದಿನ ತರೀಕೆರೆ ಡಾಕ್ಟ್ರಿಗೂ ತೋರಿಸಿದ್ವಿ, ಅವರೂ ಸೋಪಿಂದೇ ಅಂದ್ರು, ಒಂದು ಮುಲಾಮು ಕೊಟ್ಟು, ದಿನಕ್ಕೆರಡು ಗಂಟೆ ಬರೀ ಮೈಯಲ್ಲಿ ಬಿಡಿ ಅಂದ್ರು. ಮೂರನೇ ದಿನಕ್ಕೆ ಗುಳ್ಳೆ ಬಾಡಿದವು. ಸೋಮವಾರ ಒದ್ದೆ ಮಾಡ್ಕೊಂಡು ಅವಳು ಕಿರುಚಲಿಲ್ಲ, ನನ್ನ ಮುಖ ನೋಡಿ ನಕ್ಕಳು. ಈಗ ಚರ್ಮ ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗಿದೆ.

ಇನ್ನೊಂದು ವಿಷಯ ಕೇಳು. ಎರಡು ದಿನ ಅಂತ ಉಳ್ಕೊಂಡ ತಿಪ್ಪಮ್ಮತ್ತೆ ಇನ್ನೂ ಹೋಗಿಲ್ಲ. ನಿನ್ನ ಮದುವೆ ಆದಾಗಿಂದ ಬೀಗರ ಮನೆ ಅಂತ ಎರಡನೇ ಲೋಟ ಕಾಫಿ ಮುಟ್ಟದವರು, ಭಾವನ ಕೈಲಿ ತಮ್ಮ ಕಂಬಳಿ, ಎಲೆಅಡಿಕೆ ಚೀಲ ತರಿಸ್ಕೊಂಡಿದಾರೆ. ಅಮ್ಮನ ಕಟ್ಟು ಬಿಚ್ಚೋವರೆಗೂ ಇರ್ತಾರಂತೆ. ಹಿರೇನಲ್ಲೂರಲ್ಲಿ ಯಾರೋ ಆಡ್ಕೊಂಡ್ರಂತೆ, "ಆಡ್ಕೊಳ್ಲಿ, ಅವರೇನು ಬಂದು ಒಗೆದಾರಾ?" ಅಂದ್ರು. ಅಮ್ಮ ಅವರೂ ಒಂದೇ ಚಾಪೆ ಮೇಲೆ ಕೂತು ನನ್ನ ಒಗೆತದ ತಪ್ಪು ಹುಡುಕೋದೇ ಈಗ ಮನೆಯ ಮನರಂಜನೆ. ಪಕ್ಕದ ಮನೆ ಹಜೀರಾಬಿ ಅಜ್ಜಿ ಅಪ್ಪನ ಹಳೇ ಬನೀನು ಮಡಿಸಿ, ಪ್ರಯಾಣಕ್ಕೆ ಅಂತ ಆರು ದಪ್ಪ ಲಂಗೋಟಿ ಹೊಲಿದು ಕೊಟ್ಟಿದಾರೆ, ಪಕ್ಕಕ್ಕೆ ಲಾಡಿ ಇಟ್ಟು. ಅವರ ಮೊಮ್ಮಗ ಸೈಫ್, ಅದೇ ನನ್ನ ಕ್ಲಾಸ್‌ಮೇಟು, ರೈಲಲ್ಲಿ ನನ್ನ ಕೈ ಹಿಡಿದು ಎಲ್ಲರಿಗೂ ತೋರಿಸಿ "ನಮ್ಮ ಲಾಂಡ್ರಿ ಸಾಹೇಬ್ರು" ಅಂತ ಕೂಗ್ತಾನೆ. ಲೇಟಾದ ದಿನ ನೋಟ್ಸ್ ಬರೆದಿಡೋನೂ ಅವನೇ.

ಅಕ್ಕಾ, ನಾನು ಆರನೇ ಕ್ಲಾಸಲ್ಲಿ ಹಾಸ್ಟೆಲ್ಲಿಂದ ಬರೆದ ಮೊದಲನೇ ಕಾಗದ ನೆನಪಿದೆಯಾ? ಬಂದು ಕರ್ಕೊಂಡು ಹೋಗು, ಇಲ್ಲದಿದ್ರೆ ಸತ್ತೋಯ್ತೀನಿ ಅಂತ. ನೀನು ವಾಪಸ್ ಬರೆದಿದ್ದೆ, "ಯುಗಾದಿವರೆಗೂ ಇರು. ಆಮೇಲೂ ಆಗಲ್ಲ ಅಂದ್ರೆ ನಾನೇ ಬತ್ತೀನಿ." ನನ್ನ ಬನೀನು, ಚಡ್ಡಿಗೆಲ್ಲ ೪೭ ಅಂತ ಬರೆದು ಕಳಿಸಿದವಳೂ ನೀನೇ. ಯುಗಾದಿ ಬಂದಾಗ ನಾನು ಕರ್ಕೊಂಡು ಹೋಗು ಅಂತ ಕೇಳಲೇ ಇಲ್ಲ. ಈಗ ನಾನು ಹೇಳ್ತೀನಿ, ಯುಗಾದಿವರೆಗೂ ಇರು. ಅರ್ಧ ಟ್ರೈನಿಂಗ್ ಆಗೋಯ್ತು. ಕೆಮ್ಮಣ್ಣುಗುಂಡಿ ಕಡೆ ಪೋಸ್ಟಿಂಗ್ ಸಿಕ್ರೆ ಎಷ್ಟು ಹತ್ತಿರ, ಯೋಚನೆ ಮಾಡು. ಇಲ್ಲಿ ಕಾಯಕ್ಕೆ ನಾವು ಐದು ಜನ ಇದೀವಿ.

ಅಪ್ಪ ಅಮ್ಮನ ಆಶೀರ್ವಾದ. ಅತ್ತೆ ಏನೋ ಹೇಳಕ್ಕೆ ಬಂದು, "ಬೇಡ ಬಿಡು, ಅವಳಿಗೆ ಗೊತ್ತಾಯ್ತದೆ" ಅಂತ ಒಳಗೆ ಹೋದ್ರು. ಬೃಂದಾ ಈ ಹಾಳೆಯ ಎಡ ಮೂಲೆ ತಿಂದಿದಾಳೆ, ಅದನ್ನ ಅವಳ ಸಹಿ ಅಂತ ತಿಳ್ಕೋ.

ನಿನ್ನ ತಮ್ಮ,
ಹೇಮಂತ್
(ನಂಬರ್ ೪೭)

ಮತ್ತೆ: ಸ್ಪೀಡ್ ಪೋಸ್ಟ್ ಹಾಕೋ ಟೈಮ್ ಆಯ್ತು, ರೈಲಿಗೆ ಓಡ್ತಾ ಬರೀತಿದೀನಿ. ಕವರಿನಲ್ಲಿ ಒಂದು ಲಂಗೋಟಿ ಇಟ್ಟಿದೀನಿ, ೪೭/೧೯. ನಾನು ಒಳ್ಳೇದು ನೋಡಿ ಆರಿಸಿದ್ದಲ್ಲ, ಅತ್ತೆ ಕಣ್ಣು ಮುಚ್ಕೊಂಡು ತಂತಿಯಿಂದ ಎಳೆದಿದ್ದು. ನಾವು ಅದನ್ನ ಅದ್ದಿ ನೋಡಿಲ್ಲ, ಹಾಗೇ ಕಳಿಸಿದೀವಿ. ಹದಿನೇಳನೇ ತಾರೀಕು ಸಹಿ ಹಾಕೋ ಮುಂಚೆ ನಿನ್ನ ತಟ್ಟೇಲಿ ನೀರು ಹಾಕಿ ಇದನ್ನ ಅದ್ದಿ ಹಿಸುಕು. ಒಂದು ಗುಳ್ಳೆ ಎದ್ರೂ ಸಹಿ ಹಾಕಿ ಬಂದ್ಬಿಡು, ನಾನೇ ಸ್ಟೇಷನ್ನಿಗೆ ಬತ್ತೀನಿ. ಏಳದಿದ್ರೆ ಅದರಲ್ಲೇ ನಿನ್ನ ಬೂಟು ಒರೆಸ್ಕೊಂಡು ಗ್ರೌಂಡಿಗೆ ಹೋಗು. ಇಲ್ಲಿ ಇನ್ನೂ ಇಪ್ಪತ್ಮೂರಿವೆ.