ಹದಿನೇಳನೇ ಪುಟದ ಪ್ರೂಫ್

ಡೈಮಂಡ್ ಬಾರ್, ಕ್ಯಾಲಿಫೋರ್ನಿಯಾ
ಶನಿವಾರ, ಏಪ್ರಿಲ್ 11, 2026

ನನ್ನ ಬಂಗಾರ ಮೇದಿನಿ,

ಕವರ್ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನ ಅಪ್ಪನ ಮೊಣಕಾಲು ನೋವು ಎಷ್ಟಿತ್ತೋ ಅಷ್ಟೇ ಇದೆ, ಅದರ ಬಗ್ಗೆ ಮಾತಾಡುವುದು ಮಾತ್ರ ಹೆಚ್ಚಾಗಿದೆ. ದಿನಾ ಫೋನಿನಲ್ಲಿ ಸಿಗುವ ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಫೋನಿನಲ್ಲಾದರೆ ನೀನು ‘ಇಟ್ಸ್ ಓಕೆ ಅಮ್ಮಾ’ ಎಂದುಬಿಡುತ್ತೀಯ, ನಾನೂ ಸದ್ಯ ಬಚಾವಾದೆ ಎಂದುಕೊಂಡು ಫೋನಿಡುತ್ತೇನೆ. ಈ ಸಲ ಹಾಗಾಗಬಾರದು. ನೀನು ಕನ್ನಡ ನಿಧಾನವಾಗಿ ಓದುತ್ತೀಯ ಎಂದು ಅಕ್ಷರ ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕೆಂದೇನೂ ಇಲ್ಲ.

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆ ಈ ವರ್ಷವೂ ನನ್ನ ತಲೆಗೇ ಬಂತು. ಬೇಡ ಎಂದು ಮೂರು ಸಲ ಹೇಳಿದೆ, ನಾಲ್ಕನೇ ಸಲ ಕೇಳಲಿ ಎಂದು ಕಾದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಮೊನ್ನೆ ಗುರುವಾರ ಪಕ್ಕದ ಊರು ವಾಲ್‌ನಟ್‌ನಿಂದ ಗುರುಕಿರಣ್ ಅವರ ಹೆಂಡತಿ ಫೋನ್ ಮಾಡಿದರು. ಅವರ ಮಗ ನಿಖಿಲ್ ಈ ವರ್ಷ ಹೈಸ್ಕೂಲು ಮುಗಿಸುತ್ತಿದ್ದಾನೆ. ಕೂಟದ ವೇದಿಕೆಯಲ್ಲಿ ಅಂಥ ಮಕ್ಕಳಿಗೆಲ್ಲ ಶಾಲು ಹೊದಿಸಿ, ಯಾರು ಯಾವ ಯೂನಿವರ್ಸಿಟಿ ಎಂದು ಓದಿ ಹೇಳುವುದು, ಸಂಚಿಕೆಯಲ್ಲಿ ಫೋಟೋದ ಕೆಳಗೆ ಅದನ್ನೇ ಅಚ್ಚು ಹಾಕುವುದು ನಮ್ಮ ಪದ್ಧತಿ. ಹುಡುಗ ಇನ್ನೂ ಡಿಸೈಡ್ ಮಾಡಿಲ್ಲ, ಆದರೂ ನೀವು ದೊಡ್ಡ ಯೂನಿವರ್ಸಿಟಿಯ ಹೆಸರನ್ನೇ ಹಾಕಿಬಿಡಿ ಎಂದರು. ಒಮ್ಮೆ ಪ್ರಿಂಟಾಗಿ ಬಂದರೆ ತಾನಾಗಿ ದಾರಿಗೆ ಬರುತ್ತಾನಂತೆ. ನಾನು ಆಮೇಲೆ ಮಾತಾಡುತ್ತೇನೆ ಎಂದು ಫೋನಿಟ್ಟು, ಊಟದ ಮೇಜಿನ ಹಿಂದಿನ ಕಪಾಟಿನ ಕೆಳಗಿನ ಡ್ರಾಯರ್ ತೆಗೆದೆ. ನಾಲ್ಕು ವರ್ಷದಿಂದ ಅದನ್ನು ತೆಗೆದಿರಲಿಲ್ಲ.

ಎಲ್ಲಿಂದ ಶುರು ಮಾಡಲಿ? ಅಜ್ಜನಿಂದಲೇ ಮಾಡುತ್ತೇನೆ. ಆರು ತಿಂಗಳು ಇದ್ದು ಹೋಗಲು ಧಾರವಾಡದಿಂದ ಬಂದ ನಮ್ಮಪ್ಪ ಶಿವರುದ್ರಪ್ಪ ಮಾಸ್ತರರು ಇಲ್ಲೇ ಸ್ಟ್ರೋಕ್ ಆಗಿ, ಮಾತೂ ಬಲಗೈಯೂ ಹೋಗಿ ಮಲಗಿದ್ದು, ಹಿಂದೆಯೇ ಲಾಕ್‌ಡೌನ್ ಬಂದದ್ದು. ಸ್ಪೀಚ್ ಥೆರಪಿಸ್ಟ್ ಲ್ಯಾಪ್‌ಟಾಪಿನ ಪರದೆಯಿಂದ ಇಂಗ್ಲಿಷಿನಲ್ಲಿ ಕೇಳುವುದು, ಅಜ್ಜನ ಬಾಯಿಂದ ಗಾಳಿಯಷ್ಟೇ ಹೊರಡುವುದು. ಅಲ್ಲಿಯವರೆಗೆ ನಾನು ಕನ್ನಡದಲ್ಲಿ ಕೂಗಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನೀನು, ಹದಿನಾರರ ಹುಡುಗಿ, ಮಧ್ಯೆ ಕೂತು ಎರಡೂ ಕಡೆ ಮಾತು ದಾಟಿಸಿದೆ. ರೊಟ್ಟಿ, ಚಾ, ಚಪ್ಪಲಿ, ಕನ್ನಡಕ ಎಂದು ಚಿತ್ರ ಬರೆದು, ಕೆಳಗೆ ಸೊಟ್ಟ ಕನ್ನಡ ಅಕ್ಷರ ಬರೆದು ಕಾರ್ಡ್ ಮಾಡಿದೆ. ಎರಡು ವರ್ಷದಲ್ಲಿ ಅಜ್ಜನಿಗೆ ಹನ್ನೊಂದು ಮಾತು ಬಂದವು. ಹೂಂ, ಅಲ್ಲ, ಸಾಕು, ಬಾ, ನೀರು... ಹನ್ನೊಂದನೆಯದು ‘ಮೇದಿ’. ಅವತ್ತು ನೀನು ಹಿತ್ತಲಿಗೆ ಹೋಗಿ ಅತ್ತದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಮಗಳು ಏನಾಗಬೇಕೆಂದಿದ್ದಾಳೆ ಎಂದು ತಿಳಿಯಲು ತಾಯಿಗೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

2022ರ ಮಾರ್ಚ್ ಕೊನೆಗೆ ಎರಡೂ ಕಡೆಯಿಂದ ಸೀಟು ಬಂತು. ಸ್ಯಾನ್ ಡಿಯಾಗೊದಲ್ಲಿ ನೀನು ಕೇಳಿದ ಸ್ಪೀಚ್ ಥೆರಪಿ ಕೋರ್ಸ್. ಲಾಸ್ ಏಂಜಲೀಸ್‌ನಲ್ಲಿ, ಹೆಸರು ಹೇಳಿದರೆ ಎದುರಿಗಿದ್ದವರು ಇನ್ನೊಂದು ಪ್ರಶ್ನೆ ಕೇಳದಂಥ ಆ ಯೂನಿವರ್ಸಿಟಿ. ಅಲ್ಲಿ ನೀನು ಬಯಸಿದ ಕೋರ್ಸ್ ಇರಲಿಲ್ಲ, ನಾನು ಹೇಳಿ ಫಾರ್ಮಿನಲ್ಲಿ ತುಂಬಿಸಿದ್ದ ಎಕನಾಮಿಕ್ಸ್ ಇತ್ತು. ಮೊದಲು ಹೆಸರು ಇರಲಿ, ಉಳಿದದ್ದು ಆಮೇಲೆ ನೋಡಿಕೊಳ್ಳೋಣ ಎಂದು ನಿನಗೆ ಎಷ್ಟು ಸಲ ಹೇಳಿದೆನೋ. ನಿನ್ನ ಅಪ್ಪ ಅವಳಿಷ್ಟ ಎಂದಷ್ಟೇ ಹೇಳಿ ಪೇಪರ್ ಬಿಡಿಸಿಕೊಂಡು ಕೂತರು. ನೀನು ಮೇ ಒಂದರವರೆಗೆ ಟೈಮಿದೆ, ಯೋಚಿಸಿ ಹೇಳುತ್ತೇನೆ ಎಂದೆ. ಸಂಚಿಕೆಗೆ ಮೇ ಒಂದರವರೆಗೆ ಟೈಮಿರಲಿಲ್ಲ. ನಿನ್ನನ್ನು ಕೇಳದೆ ನಿನ್ನ ಫೋಟೋದ ಕೆಳಗೆ ದೊಡ್ಡ ಹೆಸರನ್ನೇ ಟೈಪ್ ಮಾಡಿದೆ.

ಯಾಕೆ ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಈ ಊರಿಗೆ ಬಂದ ಹೊಸದರಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ, ನೀವು ಎಲ್ಲಿ ಓದಿದ್ದು ಎಂದು ಕೇಳುವರು. ನಾನು ನನ್ನ ಕಾಲೇಜಿನ ಹೆಸರು ಹೇಳುವೆ. ಓಹ್ ಹೌದಾ ಎಂದು ಪಕ್ಕದವರ ಕಡೆ ತಿರುಗುವರು. ಇಪ್ಪತ್ತೆರಡು ವರ್ಷ ಆ ‘ಓಹ್ ಹೌದಾ’ ನನ್ನ ಹೊಟ್ಟೆಯಲ್ಲಿ ಕೂತಿತ್ತು. ನಿನ್ನ ಹೆಸರು ಹೇಳಿ ಅವರ ಬಾಯಿ ಮುಚ್ಚಿಸಬೇಕಿತ್ತು ನನಗೆ. ನಿನಗೆ ಒಳ್ಳೆಯದಾಗಲಿ ಎಂದೇ ಮಾಡಿದೆ ಅಂತ ಇಷ್ಟು ದಿನ ಹೇಳಿಕೊಂಡು ಬಂದೆ. ಅದರಲ್ಲಿ ಅರ್ಧ ಮಾತ್ರ ನಿಜ.

ಇನ್ನು ಆ ಬುಧವಾರದ ಮಾತು. ಅಚ್ಚಿಗೆ ಮುಂಚೆ ತಿದ್ದಲು ಬಂದ ಸಂಚಿಕೆಯ ಪ್ರೂಫ್ ಮೇಜಿನ ಮೇಲಿತ್ತು. ಇಂಗ್ಲಿಷ್ ಪುಟಗಳನ್ನು ನೀನು ತಿದ್ದಿ ಸ್ಕೂಲಿಗೆ ಹೋಗಿದ್ದೆ. ಹದಿನೇಳನೇ ಪುಟದಲ್ಲಿ ನಿನ್ನ ಫೋಟೋದ ಕೆಳಗಿನ ಸಾಲು ಹೊಡೆದು, ಪಕ್ಕದಲ್ಲಿ ಸ್ಯಾನ್ ಡಿಯಾಗೊ ಎಂದೂ ಕೋರ್ಸಿನ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿದ್ದೆ. ಸಿಟ್ಟಿಲ್ಲ, ಜಗಳವಿಲ್ಲ, ತಪ್ಪು ಬಿದ್ದ ಕಾಗುಣಿತ ತಿದ್ದಿದಷ್ಟೇ ಅಚ್ಚುಕಟ್ಟು. ಮಧ್ಯಾಹ್ನ ನೀನು ಬಂದವಳೇ ಪ್ರೂಫ್ ನೋಡಿದೆಯಾ ಎಂದು ಕೇಳಿದೆ. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದೆ:

“ಅಯ್ಯ, ನಾ ನೋಡೇ ಇಲ್ಲವಾ. ಮುಂಜಾನೇನ ಓಕೆ ಕೊಟ್ಟುಬಿಟ್ಟೆ. ಪ್ರಿಂಟಿಗೆ ಹೋಗೇತಿ.”

ಹೋಗಿರಲಿಲ್ಲ, ಮೇದಿನಿ. ನೀನು ನಿನ್ನ ರೂಮಿಗೆ ಹೋದ ಮೇಲೆ, ನಾಲ್ಕು ಗಂಟೆಗೆ, ನಾನೇ ಪ್ರೆಸ್ಸಿಗೆ ಫೋನ್ ಮಾಡಿದೆ. ನಮ್ಮ ಕೂಟದ ಡಾ. ಇಂದುಧರ ಅವರ ಹೆಸರಿನ ಮೊದಲು ‘ಡಾ.’ ಬಿಟ್ಟುಹೋಗಿತ್ತು, ಅದನ್ನು ಸೇರಿಸಿ ಎಂದು ಹೇಳಿ, ಉಳಿದದ್ದೆಲ್ಲ ಸರಿಯಿದೆ ಎಂದೆ. ಒಬ್ಬರ ಒಂದಕ್ಷರಕ್ಕೆ ಪ್ರೆಸ್ ನಿಲ್ಲಿಸಿದವಳು ನಿನ್ನ ಒಂದು ಸಾಲಿಗೆ ನಿಲ್ಲಿಸಲಿಲ್ಲ.

ಅಚ್ಚಾದರೇನು, ಆಮೇಲೂ ನೀನು ಸ್ಯಾನ್ ಡಿಯಾಗೊಗೆ ಹೋಗಬಹುದಿತ್ತು, ಯಾರೂ ಕೈ ಹಿಡಿದಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ವಾದ ಮಾಡಿದ್ದೇನೆ. ಆದರೆ ಎರಡು ವರ್ಷ ಜೂಮ್‌ನಲ್ಲೇ ಯುಗಾದಿ ಮಾಡಿದ ಜನ ಮೊದಲ ಸಲ ಹಾಲ್‌ನಲ್ಲಿ ಸೇರಿದ್ದರು. ನಾನೂರು ಜನರ ಮುಂದೆ ನಿನ್ನ ಹೆಸರು ಓದಿದೆ, ಆ ಯೂನಿವರ್ಸಿಟಿಯ ಹೆಸರು ಓದಿದೆ, ಚಪ್ಪಾಳೆ ಬಿತ್ತು. ನೀನು ಶಾಲು ಹೊದ್ದು ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ಕ್ಯಾಮೆರಾ ಕಡೆ ನೋಡಿ ನಕ್ಕೆ. ಯಾರ ಮುಖ ಸಣ್ಣದಾದರೂ ತಾಳದವಳು ನೀನು. ಅಷ್ಟು ಜನರೆದುರು ಅಮ್ಮ ಸುಳ್ಳಾಗುವುದು ನಿನಗೆ ಬೇಡವಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ವಾಪಸು ಬರುವಾಗ ಕಾರಿನಲ್ಲಿ, ಅಜ್ಜ ಖುಷಿಗೆ ಕಣ್ಣೀರು ಹಾಕಿದರು ನೋಡು ಎಂದೆ. ಮನೆ ಮುಟ್ಟುವ ಹೊತ್ತಿಗೆ ನೀನು ಸರಿ, ಅಲ್ಲಿಗೇ ಹೋಗುತ್ತೇನೆ ಎಂದಿದ್ದೆ.

ಉಳಿದದ್ದು ನಿನ್ನ ಬದುಕು, ನನಗಿಂತ ನಿನಗೆ ಗೊತ್ತು. ಬೇಸಿಗೆಯಲ್ಲೂ ಕ್ಲಾಸ್ ತೆಗೆದುಕೊಂಡು ನಾಲ್ಕು ವರ್ಷದ ಡಿಗ್ರಿಯನ್ನು ಮೂರೇ ವರ್ಷದಲ್ಲಿ ಮುಗಿಸಿದೆ. ಮಗಳು ಎಷ್ಟು ಜಾಣೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಬೇಗ ಮುಗಿದರೆ ಸಾಕು ಎಂದು ಮುಗಿಸಿದ್ದೆಂದು ಈಗ ಅನಿಸುತ್ತದೆ. ಕೊನೆಗೆ ಸ್ಯಾನ್ ಡಿಯಾಗೊಗೇ ಹೋದೆ, ಓದಲಿಕ್ಕಲ್ಲ, ಅಲ್ಲಿನ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಯಾರದೋ ಮಾರಾಟದ ಅಂಕಿಗಳನ್ನು ಜೋಡಿಸಲಿಕ್ಕೆ.

ಮತ್ತು ಆ ನಿನ್ನ ತಮಾಷೆ. ಸಾರಿಗೆ ಉಪ್ಪು ಹೆಚ್ಚಾದರೂ, ಫ್ರೀವೇಯಲ್ಲಿ ಎಕ್ಸಿಟ್ ತಪ್ಪಿದರೂ, ‘ಪ್ರಿಂಟಿಗೆ ಹೋಗೇತಿ’ ಎನ್ನುತ್ತೀಯ, ನನ್ನದೇ ದನಿಯಲ್ಲಿ. ಅಪ್ಪ ನಗುತ್ತಾರೆ, ನಾನೂ ನಗುತ್ತೇನೆ. ಪ್ರತಿ ಸಲವೂ ನಿನಗೆ ಗೊತ್ತಾಗಿಬಿಟ್ಟಿದೆಯೇನೋ ಎಂದು ನಿನ್ನ ಮುಖ ನೋಡುತ್ತೇನೆ. ಹೋದ ತಿಂಗಳು ನಾನು ಕೆಲಸ ಖುಷಿ ಕೊಡುತ್ತಿದೆಯಾ ಎಂದು ಕೇಳಿದಾಗಲೂ ಅದನ್ನೇ ಅಂದೆ. ಅವತ್ತು ನಿನ್ನ ದನಿಯಲ್ಲಿ ತಮಾಷೆ ಇರಲಿಲ್ಲ.

ದೀಪಾವಳಿಗೆ ಬಂದು ಹೋದ ಮೇಲೆ ಅಜ್ಜನ ಕಾರ್ಡಿನ ಡಬ್ಬಿ ಅದರ ಜಾಗದಲ್ಲಿ ಇರಲಿಲ್ಲ. ನೀನೇ ಒಯ್ದಿದ್ದೀಯ ಎಂದು ಗೊತ್ತಾಯಿತು, ಕೇಳಲಿಲ್ಲ. ನೀನು ಹಾಸ್ಟೆಲಿಗೆ ಹೋದ ಮೇಲೆ ಆ ಕಾರ್ಡ್ ಹಿಡಿದು ನಾನೂ ಅಜ್ಜನ ಮುಂದೆ ಕೂತಿದ್ದೆ. ನನಗೆ ತಾಳ್ಮೆ ಸಾಲಲಿಲ್ಲ. ಅವರು ತೀರಿಕೊಳ್ಳುವ ಹೊತ್ತಿಗೆ ನಾಲ್ಕೇ ಮಾತು ಉಳಿದಿದ್ದವು. ಅದನ್ನು ನಿನಗೆ ಹೇಳಿರಲಿಲ್ಲ.

ಮತ್ತೆ ಅಪ್ಲೈ ಮಾಡು ಎಂದು ನಾನು ಹೇಳುವುದಿಲ್ಲ. ಮಾಡಬೇಡ ಎಂದೂ ಹೇಳುವುದಿಲ್ಲ. ನಿನ್ನ ವಿಷಯದಲ್ಲಿ ಸಲಹೆ ಕೊಡುವ ಬಾಯಿಯನ್ನು ನಾನೇ ಕಳೆದುಕೊಂಡಿದ್ದೇನೆ. ಅವತ್ತು ಏನೂ ಮುಗಿದಿರಲಿಲ್ಲ, ಮುಗಿದಿದೆ ಎಂದು ನಂಬಿಸಿದವಳು ನಾನು. ಅಷ್ಟು ನಿನಗೆ ಗೊತ್ತಿರಬೇಕು. ಗುರುಕಿರಣ್ ಅವರ ಹೆಂಡತಿಗೆ ನಿನ್ನೆ ಫೋನ್ ಮಾಡಿ, ನಿಖಿಲ್ ತಾನೇ ಹೇಳುವವರೆಗೆ ಫೋಟೋದ ಕೆಳಗೆ ಅವನ ಹೆಸರು ಮಾತ್ರ ಇರುತ್ತದೆ ಎಂದೆ. ಅವರಿಗೆ ಸಿಟ್ಟು ಬಂದಿದೆ. ಬರಲಿ.

ಕ್ಷಮಿಸು ಎಂದು ಬರೆಯಲು ಧೈರ್ಯವಿಲ್ಲ. ನಿನಗೆ ಬೇಕೆನಿಸಿದಾಗ ಫೋನ್ ಮಾಡು, ತಡವಾದರೂ ಕಾಯುತ್ತೇನೆ.

ನಿನ್ನ ಅಮ್ಮ,
ಸೌಜನ್ಯಾ

ತಾ.ಕ.: ಆ ಡ್ರಾಯರಿನಲ್ಲಿದ್ದ ಹದಿನೇಳನೇ ಪುಟದ ಪ್ರೂಫ್ ಇದರ ಜೊತೆಗಿದೆ. ಹರಿದು ಹಾಕಲು ಅವತ್ತೂ ಕೈ ಬಂದಿರಲಿಲ್ಲ. ನೀನು ಪೆನ್ಸಿಲಿನಲ್ಲಿ ಬರೆದ ಸಾಲಿನ ಪಕ್ಕದಲ್ಲಿ ನಡುಗುವ ಎಡಗೈಯಲ್ಲಿ ಹಾಕಿದ ರೈಟ್ ಗುರುತು ಇದೆ, ನೋಡು. ಮೂವತ್ತೈದು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವರ ಗುರುತು ಅದು. ನೀನು ಸ್ಕೂಲಿಗೆ ಹೋಗುವ ಮೊದಲು ಅಜ್ಜನಿಗೆ ತೋರಿಸಿದ್ದೆ ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಹಾಲ್‌ನಲ್ಲಿ ಅವರು ಅತ್ತದ್ದು ಖುಷಿಗಲ್ಲ. ನಾನು ಯೂನಿವರ್ಸಿಟಿಯ ಹೆಸರು ಓದುತ್ತಿದ್ದಂತೆ ಮುಂದಿನ ಸಾಲಿನ ವೀಲ್‌ಚೇರಿನಿಂದ, ನೀನೇ ಕಲಿಸಿದ ಮಾತನ್ನು ಮೂರು ಸಲ ಕೂಗಿದರು. ಚಪ್ಪಾಳೆಯಲ್ಲಿ ನಿನಗೆ ಕೇಳಿಸಲಿಲ್ಲ. ಮೈಕ್ ಹಿಡಿದು ನಿಂತಿದ್ದ ನನಗೆ ಕೇಳಿಸಿತ್ತು. “ಅಲ್ಲ” ಎನ್ನುತ್ತಿದ್ದರು.