ಕಟ್ಟಿ ಮ್ಯಾಲೆ ಕುಂತು ಬರದ ಕಥಿ

ಬಂಕಾಪುರ
೧೪-೧೦-೧೯೮೩

ಪ್ರೀತಿಯ ಶಾಕೀರಾ,

ನಾವೆಲ್ಲಾ ಆರಾಮ ಅದೇವಿ. ನೀ ಬಾಣಂತನಕ್ಕ ಸವಣೂರಿಗೆ ಬಂದ ಸುದ್ದಿ ತಿಳಿದು ತಿಂಗಳಾತು, ಈಗ ಬರ್ಯಾಕತ್ತೇನಿ. ಬೈಯಿ, ಆದರ ಮಾತು ಬಿಡಬ್ಯಾಡ. ತಪ್ಪೆಲ್ಲಾ ಒಂದು ಲೇಖನದ್ದು.

ಧಾರವಾಡದ ಹಾಸ್ಟೆಲಿನಾಗ ನಾವಿಬ್ರೂ ಓದಿ ಕಣ್ಣೀರು ಹಾಕಿದ್ದ ಆ ವಿಧವೆಯ ಕಥಿ ನೆನಪೈತೇನು? ಅದನ್ನ ಹೆಣ್ಣಿನ ಕಡೆಯಿಂದ ನೋಡಿ ವಿಮರ್ಶೆ ಬರೀರಿ ಅಂತ ಹುಬ್ಬಳ್ಳಿಯ ಮಾಸಪತ್ರಿಕೆಯವರು ಕೇಳಿದ್ರು. ಮೊದಲನೇ ಸಲ ಶೋಷಣೆ, ವ್ಯವಸ್ಥೆ ಅಂತ ದೊಡ್ಡ ದೊಡ್ಡ ಮಾತು ತುಂಬಿ ಕಳಿಸಿದೆ. "ಸಿಟ್ಟು ಕಾಣುತ್ತದೆ, ಕಥೆ ಕಾಣುವುದಿಲ್ಲ" ಅಂತ ಸಂಪಾದಕರು ತಿರುಗಿ ಕಳಿಸಿದ್ರು. ಎರಡನೇ ಸಲ ಆ ವಿಧವೆ ಎಷ್ಟು ಸಲ ಬಾಯಿ ಬಿಡತಾಳ ಅಂತ ಎಣಿಸಿದೆ. ಇಡೀ ಕಥಿಯೊಳಗ ನಾಕ ಸಲ! ಅದನ್ನೂ ಬರದೆ, ಓದಿದೆ, ಹರದು ಒಗದೆ. ಬರೇ ಲೆಕ್ಕ ಆಗಿತ್ತು.

ಆಮ್ಯಾಲೆ ದಿನಾ ಮಧ್ಯಾಹ್ನ ಹಿತ್ತಲದಾಗ ಕುಂತು ಕಥಿ ಗಟ್ಟಿಯಾಗಿ ಓದತಿದ್ದೆ. ದೂರ ಹಾಳು ಕೋಟೆಯೊಳಗ ನವಿಲು ಕೂಗತಿದ್ವು. ಬಿಸಲಿಗೆ ಅಕ್ಷರ ಕರಗಿದಂಗ ಆಗಿ ಕಣ್ಣು ಮುಚ್ಚತಿದ್ವು. ಆ ಕಥಿಯ ಹೆಂಗಸು ಬಂದು ನಮ್ಮ ಹಂಡೇದ ನೀರಿನಾಗ ಕಾಲು ತೊಳಕೊಂಡು ಕುಂತಿರತಿದ್ಲು. ಕನಸೋ ಎಚ್ಚರೋ ತಿಳೀತಿರಲಿಲ್ಲ. ನಮ್ಮತ್ತಿ ಅಡಿವೆವ್ವ ಶೇಂಗಾ ಸುಲಕೋತ ಕೇಳತಿದ್ರು. ಇಪ್ಪತ್ತನೇ ವಯಸ್ಸಿಗೆ ಗಂಡನ್ನ ಕಳಕೊಂಡವರು; ಓದಾಕ ಬರಂಗಿಲ್ಲ.

ಒಂದಿನ ಅವರ ಕೈ ನಿಂತಬಿಟ್ಟಿತು. "ಏ ಸರೋಜಾ, ಆಕಿ ಯಾವಾಗ ನೋಡಿದ್ರೂ ಬಾಗಲದಾಗ ನಿಂತಿರತಾಳಲ್ಲ, ಒಳಗ ಹೋದಮ್ಯಾಲೆ ಏನ್ ಮಾಡತಾಳ?"

"ಕಥಿ ಬರದಾಂವ ಅದನ್ನ ಬರದಿಲ್ರಿ ಅತ್ತಿ."

"ಹೆಂಗ ಬರದಾನು? ಅಂವಾ ಕಟ್ಟಿ ಮ್ಯಾಲೆ ಕುಂತು ಬರದಾನ. ಒಳಗ ಬಂದೇ ಇಲ್ಲ."

ಮೊದಲ ಪುಟಕ್ಕ ತಿರುವಿದೆ ಶಾಕೀರಾ. ಮತ್ತ ಓದಿದೆ. ಖರೇನ! ಕಥಿ ಒಮ್ಮೆನೂ ಹೊಸ್ತಲಾ ದಾಟಿಲ್ಲ. ಆಕಿ ನಗಿ, ದುಃಖ ಎಲ್ಲಾ ಬೀದಿಯಿಂದ ಕಂಡಷ್ಟ. ಮೂರನೇ ಸಲ ಮೊದಲಿಂದ ಬರದೆ, ವಾರದಾಗ ಮುಗೀತು. ಈ ತಿಂಗಳ ಅಚ್ಚಾಗೈತಿ. "ಕಟ್ಟೆಯ ಮೇಲೆ ಕೂತ ಲೇಖಕ ಎಂಬ ನಿಮ್ಮ ಹೊಳಹು ಅಪೂರ್ವ" ಅಂತ ಸಂಪಾದಕರು ಕಾಗದ ಬರದಾರ. ನಿನಗೊಂದು ಪ್ರತಿ ಬ್ಯಾರೆ ಕಳಿಸೇನಿ.

ನಿಮ್ಮ ಅಮ್ಮಾಗ ನನ್ನ ಸಲಾಂ ಹೇಳು. ಕೂಸಿಗೆ ಯಾರ ದೃಷ್ಟಿನೂ ತಾಗದಿರಲಿ, ನಕ್ಕೋತ ನೂರು ವರ್ಷ ಬಾಳಲಿ.

ನಿನ್ನ
ಸರೋಜಾ

ತಾ.ಕ.: ಅಚ್ಚಾದದ್ದನ್ನ ಅತ್ತಿಗೆ ಓದಿ ಹೇಳಿದೆ. ಕಟ್ಟಿಯ ಮಾತು ಬಂದಾಗ ತಲಿ ಎತ್ತಿ, "ಇದನ್ನ ಹೇಳಿದವರು ಯಾರವಾ?" ಅಂದ್ರು. "ನಾನರೀ" ಅಂದುಬಿಟ್ಟೆ. ಯಾಕ ಅಂದೆನೋ! "ಛಲೋ ಹೇಳೀ ಬಿಡು" ಅಂದ್ರು. ಎಂಟು ದಿನಾತು, ಹಿತ್ತಲಕ್ಕ ಓದು ಕೇಳಾಕ ಬರಂಗಿಲ್ಲ, ಉಂಡ ಕೂಡಲೇ ಬಾಜೂ ಮನಿ ಶೇಖವ್ವನ ಕಡೆ ಹೊಂಟಬಿಡತಾರ. ಕಟ್ಟಿಯ ಮಾತಿಗೆ ಅತ್ತಿಯ ಹೆಸರು ಹಾಕ್ರಿ ಅಂತ ಸಂಪಾದಕರಿಗೆ ನಿನ್ನೆ ಪತ್ರ ಹಾಕೇನಿ. ಅತ್ತಿ ಮುಂದ ನಿಂತು ಹೇಳಾಕ ಮಾತ್ರ ನನಗ ಬಾಯಿ ಬರವಲ್ದು.