ಮರಳಿ ಬರುತ್ತೇನೆ ಎಂಬ ಸಾಲು

ಬಾಲ್ತಸಾರ್,

ಊರು ಬಿಡುವಾಗ ನಿನ್ನ ಕೈಗಿತ್ತಿದ್ದೆನಲ್ಲ, ನಮ್ಮೂರು ಎವೊರಾದ ಮೇಲೆ ನಾನು ಬರೆದ ಆ ಲ್ಯಾಟಿನ್ ಪದ್ಯ, ಅದನ್ನು ಇವತ್ತು ಈ ದೂರದ ರಗೂಸಾದ ಬಂದರಿನಲ್ಲಿ ನಮ್ಮೂರಿನ ವ್ಯಾಪಾರಿಯೊಬ್ಬ ಬಾಯಿಪಾಠ ಒಪ್ಪಿಸಿದ.

"ನಮ್ ಬಾಲ್ತಸಾರ್ ಮೇಷ್ಟ್ರು ಬರೆದಿದ್ದು ಸ್ವಾಮಿ, ಅಚ್ಚಾಗಿದೆ!"

ನನ್ನಂಥ ಯೆಹೂದಿಯ ಹೆಸರಿದ್ದರೆ ಚರ್ಚಿನವರು ಪದ್ಯವನ್ನೇ ಸುಡುತ್ತಿದ್ದರು, ನಿಜ. ಅದಕ್ಕೆ ನಿನ್ನ ಹೆಸರೇ ಬೇಕಿತ್ತೇ?

"ಚೆನ್ನಾಗಿದೆ," ಎಂದಷ್ಟೇ ಹೇಳಿದೆ.

ಅವನು ನಕ್ಕ. "ಊರ ಬಾಗಿಲು ದಾಟಿದವರಲ್ಲ ಅವರು. ಕೊನೇಲಿ 'ಮರಳಿ ಬರ್ತೀನಿ' ಅಂತಾರೆ. ಎಲ್ಲಿಂದ ಬರ್ತಾರಂತೆ?"

ಎಲ್ಲವನ್ನೂ ನಿನ್ನದಾಗಿಸಿಕೊಂಡೆ. ಆ ಒಂದು ಸಾಲನ್ನು ತಿದ್ದಲು ಮಾತ್ರ ನಿನಗೆ ಕೈ ಬರಲಿಲ್ಲವೇ?

ಈ ಕಾಗದ ನಿನ್ನ ಮನೆಯಲ್ಲಿ ಸಿಕ್ಕರೆ ನಿನ್ನನ್ನೂ ಸುಡುತ್ತಾರೆ. ಅದಕ್ಕೇ ಕಳಿಸುವುದಿಲ್ಲ. ಕೆಳಗೆ ನನ್ನ ಹೆಸರನ್ನೂ ಬರೆದಿಲ್ಲ. ಖಾಲಿ ಜಾಗದಲ್ಲಿ ಯಾರ ಹೆಸರು ಬರೆಯಬೇಕೆಂದು ನಿನಗೆ ಗೊತ್ತಲ್ಲ.